ಪರದೆಯಂಚಿನ ನಾಲ್ಕು ಬೆರಳು

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಒಂದ್ನಿಮಿಷ ಎಂದು. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಆದರೆ ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಕ್ಯಾಮೆರಾ ಕಣ್ಣಿಗೆ ಹಿಡಿದನೆಂದರೆ ‘ಒಂದ್ನಿಮಿಷ, ಒಂದೇ ಒಂದ್ನಿಮಿಷ’ ಎಂದು ಶುರುಮಾಡುತ್ತಿದ್ದ. ಆ ನಿಮಿಷ ಮುಗಿಯುವಷ್ಟರಲ್ಲಿ ತೊಡೆಯ ಮೇಲಿನ ಮಗು ನಿದ್ದೆಹೋಗಿರುತ್ತಿತ್ತು, ತಾತನ ಕಾಲು ಜೋಮು ಹಿಡಿದಿರುತ್ತಿತ್ತು, ನಗಲೆಂದು ತೆರೆದಿದ್ದ ಬಾಯಿಗಳೆಲ್ಲ ಒಣಗಿರುತ್ತಿದ್ದವು. ಆದರೂ ಜನ ಕಾಯುತ್ತಿದ್ದರು. ಅವನ ಫೋಟೋದಲ್ಲಿ ಮನುಷ್ಯರು ತಾವಿರುವುದಕ್ಕಿಂತ ತುಸು ಒಳ್ಳೆಯವರಾಗಿ ಕಾಣುತ್ತಿದ್ದರು, ಆ ಆಸೆ ಯಾರಿಗಿಲ್ಲ.

ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದದ್ದು ಹಲ್ಲಿನ ಸೆಟ್ಟು. ಹಲ್ಲಿನ ಡಾಕ್ಟರ ಆಸ್ಪತ್ರೆಯ ಹಿಂಭಾಗದಲ್ಲಿ ಅವನದೊಂದು ಕೋಣೆ. ಕಿಟಕಿಯ ಕಟ್ಟೆಯ ಮೇಲೆ ಪ್ಲಾಸ್ಟರಿನ ದವಡೆಗಳ ಸಾಲು, ಮೇಜಿನ ಮೇಲೆ ಗುಲಾಬಿ ಮೇಣ, ಉಜ್ಜುವ ಯಂತ್ರ, ಎಲ್ಲದರ ಮೇಲೂ ತೆಳ್ಳಗೆ ಬಿಳಿ ಪುಡಿ. ಡಾಕ್ಟರು ಹೊಸ ಕ್ಯಾಮೆರಾ ಕೊಂಡಾಗ ಹಳೆಯದನ್ನು ಅವನ ಕೈಗೆ ಹಾಕಿದ್ದರು. ಅಂದಿನಿಂದ ಯಾರು ಎಲ್ಲಿ ಪ್ರವಾಸ ಹೊರಟರೂ ಇವನು ಹಿಂದಿನ ಸೀಟಿನಲ್ಲಿ ಹಾಜರ್. ಯಾರ ಮನೆಯ ಮದುವೆ, ಹುಟ್ಟುಹಬ್ಬ, ಬೀಳ್ಕೊಡುಗೆಯೇ ಆಗಲಿ, ಕರೆದರೂ ಹೋಗುತ್ತಿದ್ದ, ಕರೆಯದಿದ್ದರೂ ಹೋಗುತ್ತಿದ್ದ. ತೊಳೆದು ಒಣಗಿಸಿದ ಚಿತ್ರಗಳಲ್ಲಿ ಹಲ್ಲು ಬಿಟ್ಟು ನಗುತ್ತಿದ್ದ ಹಿರಿಯರನ್ನು ಕಂಡರೆ ಅವನಿಗೆ ಒಳಗೊಳಗೇ ಹೆಮ್ಮೆ. ನಗು ಅವರದಿರಬಹುದು, ಹಲ್ಲು ತನ್ನದು.

ಅವನೂ ಅವನ ಅಕ್ಕನೂ ಎರಡು ಕೋಣೆಯ ಮನೆಯಲ್ಲಿದ್ದರು. ಅಪ್ಪ ಅಮ್ಮ ಬೇಗ ಹೋದಮೇಲೆ ಅವನನ್ನು ಸಾಕಿದವಳು ಅವಳೇ. ಅಕ್ಕ ಪರದೆ ಹೊಲಿಯುವವಳು. ಊರಿನ ಅರ್ಧ ಕಿಟಕಿಗಳು ಅವಳ ಹೊಲಿಗೆಯ ಹಿಂದೆ ಮಲಗಿ ಏಳುತ್ತಿದ್ದವು. ಮದುವೆಯ ಮಾತು ಬಂದಾಗ ಅವನು ಅದಕ್ಕೂ ಒಂದ್ನಿಮಿಷ ಅಂದಿದ್ದ, ಆ ನಿಮಿಷ ಇನ್ನೂ ಮುಗಿದಿರಲಿಲ್ಲ. ಅಕ್ಕನನ್ನು ಆ ಮಾತು ಯಾರೂ ಸರಿಯಾಗಿ ಕೇಳಿರಲೇ ಇಲ್ಲ.

ಗಿರಾಕಿಯೊಬ್ಬರು ಬಣ್ಣ ಮಾಸಿದೆ ಎಂದು ಬೇಡವೆಂದ ನೀಲಿ ಬಟ್ಟೆ ಮನೆಯಲ್ಲಿ ಉಳಿದಿತ್ತು. ಯಾರಾದರೂ ಫೋಟೋ ತೆಗೆಸಿಕೊಳ್ಳಲು ಬಂದರೆ ಅದೇ ಹಿನ್ನೆಲೆ. ಬಟ್ಟೆಯ ಒಂದು ತುದಿ ಗೋಡೆಯ ಮೊಳೆಗೆ, ಇನ್ನೊಂದು ತುದಿ ಅಕ್ಕನ ಕೈಗೆ. ತಮ್ಮನ ನಿಮಿಷ ಮುಗಿಯುವ ತನಕ ಅವಳು ತೋಳೆತ್ತಿ ಹಿಡಿದು ನಿಂತಿರುತ್ತಿದ್ದಳು. ಎಷ್ಟು ಹುಷಾರಾಗಿ ಹಿಡಿದರೂ ಬಟ್ಟೆಯ ಅಂಚಿನಲ್ಲಿ ಅವಳ ನಾಲ್ಕು ಬೆರಳು ಫೋಟೋಗೆ ಬಂದುಬಿಡುತ್ತಿದ್ದವು.

“ಅಂಚು ಕತ್ತರಿಸಿಬಿಡೋ, ಅಸಹ್ಯ,” ಅನ್ನುತ್ತಿದ್ದಳು ಅಕ್ಕ.

“ಇರ್ಲಿ ಬಿಡು, ಅದೂ ಇರ್ಲಿ,” ಅನ್ನುತ್ತಿದ್ದ ಅವನು. ಹಾಗಾಗಿ ಆ ಬೀದಿಯ ಎಷ್ಟೋ ಮನೆಗಳ ಗೋಡೆಯ ಮೇಲೆ ಯಾರದೋ ಕುಟುಂಬ, ಪಕ್ಕದಲ್ಲಿ ಅಕ್ಕನ ನಾಲ್ಕು ಬೆರಳು. ಅವಳ ಮುಖವಿರುವ ಒಂದು ಒಳ್ಳೆಯ ಫೋಟೋ ಮಾತ್ರ ಸ್ವಂತ ಮನೆಯಲ್ಲೇ ಇರಲಿಲ್ಲ. ಇದು ತಮ್ಮನ ತಲೆಗೆ ಹೊಳೆದಿರಲಿಲ್ಲ. ಕಣ್ಣಿಗೆ ಗಾಜು ಹಿಡಿದುಕೊಂಡೇ ತಿರುಗುವವರ ಹಣೆಬರಹ ಅದು, ಹತ್ತಿರದ್ದು ಮಸುಕಾಗಿಯೇ ಉಳಿಯುತ್ತದೆ.

ಆಸ್ಪತ್ರೆಯವರೆಲ್ಲ ಸೇರಿ ಸಮುದ್ರಕ್ಕೆ ಹೊರಟಾಗ ಅಕ್ಕನನ್ನೂ ಕರೆದ. ಅವಳು ಸಮುದ್ರ ನೋಡಿದವಳಲ್ಲ. ಪ್ರತಿ ಸಲವೂ ಯಾವುದೋ ಕಿಟಕಿ ಅಡ್ಡ ಬರುತ್ತಿತ್ತು. ಈ ಸಲವೂ “ಕೆಲಸ ಇದೆ ಕಣೋ, ನೀನು ಹೋಗಿ ಬಾ,” ಎಂದಳು.

“ಹಂಗಾದ್ರೆ ನಿಂಗೆ ಸಮುದ್ರ ತಂದುಕೊಡ್ತೀನಿ, ನೋಡ್ತಿರು,” ಎಂದು ಅವನು ಬಸ್ಸು ಹತ್ತಿದ.

ಅಲ್ಲಿ ಅವನು ಮನುಷ್ಯರನ್ನೇ ಮರೆತ. ಪ್ಯಾಂಟು ಮೊಣಕಾಲಿಗೆ ಮಡಚಿ ನೀರಿಗಿಳಿದವನು ಸಾಯಂಕಾಲದವರೆಗೂ ಹೊರಗೆ ಬರಲಿಲ್ಲ. ಅಲೆ ಎದ್ದು ನಿಲ್ಲುತ್ತಿತ್ತು, ಇವನು ‘ಒಂದ್ನಿಮಿಷ’ ಅನ್ನುತ್ತಿದ್ದ, ಅದು ಕೇಳಿಸಿಕೊಳ್ಳದೆ ಬಿದ್ದುಹೋಗುತ್ತಿತ್ತು. ತನ್ನ ಮಾತು ಕೇಳದವರ ಮೇಲೆ ಅವನಿಗೆ ಮೊದಲ ಬಾರಿ ಸಿಟ್ಟು ಬರಲಿಲ್ಲ. ಬೆಳಕು ನೀರಿನ ಮೇಲೆ ಬಿದ್ದು ಒಡೆದು ಮತ್ತೆ ಕೂಡಿಕೊಳ್ಳುತ್ತಿತ್ತು. ಕಾಲಡಿಯ ಮರಳು ಜಾರಿ, ನಿಂತಲ್ಲೇ ಎಲ್ಲಿಗೋ ಹೋಗುತ್ತಿರುವ ಹಾಗೆ ತಲೆ ತೇಲುತ್ತಿತ್ತು. ದಡದಿಂದ ಯಾರೋ ಕೂಗಿದರು. ಆ ದನಿ ಬೇರೆ ಯಾವುದೋ ದಿನದಿಂದ ಬಂದಂತಿತ್ತು. ಅಕ್ಕನಿಗಾಗಿ ಎಂದುಕೊಳ್ಳುತ್ತ ಒಂದು ಇಡೀ ರೀಲನ್ನು ನೀರಿಗೇ ಸುರಿದ.

ಈಗ ರೀಲಿನ ವಿಷಯ ಒಂದಿಷ್ಟು ಹೇಳಲೇಬೇಕು. ಮುಗಿದ ಫಿಲ್ಮನ್ನು ಸುತ್ತುವಾಗ ಅವನು ಪೂರ್ತಿ ಒಳಗೆ ಎಳೆಯುತ್ತಿರಲಿಲ್ಲ, ಮನೆಯಲ್ಲೇ ತೊಳೆಯಲು ಸುಲಭವಾಗಲೆಂದು ತುದಿಯನ್ನು ಹೊರಗೆ ಬಿಡುತ್ತಿದ್ದ. ಹೊಸ ರೀಲಿಗೂ ತುದಿ ಹೊರಗೇ ಇರುತ್ತದೆ. ಗುರುತಿಗೆ ಅವನದೊಂದು ಪದ್ಧತಿ: ತೆಗೆದು ಮುಗಿದದ್ದರ ತುದಿ ಮಡಚುವುದು, ಹೊಸದರದು ನೆಟ್ಟಗೆ ಬಿಡುವುದು. ಈ ಪದ್ಧತಿ ಎಂದೂ ಅವನಿಗೆ ಕೈಕೊಟ್ಟಿರಲಿಲ್ಲ.

ಊರಿಗೆ ಮರಳಿದ ಸಾಯಂಕಾಲ ಮೇಜಿನ ಮುಂದೆ ಕೂತು ಸಮುದ್ರದ ರೀಲನ್ನು ಸುತ್ತಿ ಹೊರತೆಗೆದ. ಹೊಲಿಗೆ ಯಂತ್ರದ ಸದ್ದು ನಿಂತಿತು.

“ನಾನೊಂದು ವಿಷಯ ಹೇಳ್ಬೇಕು,” ಅಂದಳು ಅಕ್ಕ. “ಮದುವೆ ಆಗೋಣ ಅಂತಿದ್ದೀನಿ.”

“ಯಾರದ್ದು?” ಎಂದ ಅವನು.

“ನನ್ನದೇ ಕಣೋ. ಟೈಮ್‌ಕೀಪರ್ ಇದಾರಲ್ಲ, ಅವರ ಜೊತೆ.”

ಬಸ್ ನಿಲ್ದಾಣದ ಟೈಮ್‌ಕೀಪರ್. ಅವರು ಆಸ್ಪತ್ರೆಯ ಬೆಂಚಿನ ಮೇಲೆ ಬಾಯಿಗೆ ಕರ್ಚೀಫು ಹಿಡಿದು ಹಲ್ಲಿಗಾಗಿ ಕಾಯುತ್ತಿದ್ದವರು. ಅಕ್ಕ ತಮ್ಮನಿಗೆ ಊಟ ತರುತ್ತಿದ್ದಳು. ಅವರ ಸೆಟ್ಟು ಯಾಕೋ ಸರಿಹೊಂದದೆ ಮತ್ತೆ ಮತ್ತೆ ಬರಬೇಕಾಗಿತ್ತು, ಬಂದಾಗಲೆಲ್ಲ ಊಟದ ಹೊತ್ತಿಗೇ ಬರುತ್ತಿದ್ದರು. ಹಲ್ಲು ಮಾಡಿದವನಿಗೆ ಇದರ ವಾಸನೆಯೂ ಬಡಿದಿರಲಿಲ್ಲ. ತಾನು ಉಜ್ಜಿ ಉಜ್ಜಿ ಹೊಳಪು ಕೊಟ್ಟ ನಗುವಿಗೇ ಅಕ್ಕ ಸೋತಳೇ ಎಂದು ಅವನ ಹೊಟ್ಟೆ ಉರಿಯಿತು.

“ಹಲ್ಲು ನೋಡಿ ಒಪ್ಕೊಂಡ್ಯಾ?” ಅಂದ.

“ಹಲ್ಲು ಇಲ್ದಾಗ್ಲೇ ಒಪ್ಕೊಂಡಿದ್ದು,” ಅಂದಳು ಅಕ್ಕ. ತಮ್ಮ ನಗುತ್ತಾನೆಂದು ಕಾದಳು. ಅವನು ನಗಲಿಲ್ಲ. ಒಳ್ಳೆಯದಾಗಲಿ ಎಂದೂ ಹೇಳಲಿಲ್ಲ. ಇನ್ನು ಪರದೆ ಹಿಡಿಯುವವರು ಯಾರು ಎಂಬ ಒಂದೇ ಯೋಚನೆ ಅವನಿಗೆ ಬಂದದ್ದು, ಅದು ಬಂದದ್ದಕ್ಕೆ ನಾಚಿಕೆಯೂ ಆಯಿತು. ಕೈಯಲ್ಲಿದ್ದ ರೀಲನ್ನು, ಹೊಸ ರೀಲೊಂದು ಇದ್ದ ಡಬ್ಬಿಗೆ ಹಾಕಿ ಮುಚ್ಚಿ, ತಲೆ ನೋಯುತ್ತಿದೆ ಎಂದು ಮಲಗಿಬಿಟ್ಟ. ತುದಿ ನೆಟ್ಟಗೇ ಉಳಿಯಿತು.

ಮದುವೆ ಸರಳವಾಗಿ ನಡೆಯಿತು. ನೋಂದಣಿ ಕಚೇರಿಯಲ್ಲಿ ಸಹಿ, ಆಮೇಲೆ ಬಾಡಿಗೆ ಹಾಲ್‌ನಲ್ಲಿ ಊಟ. ಕಸುಬಿನ ಫೋಟೋದವರನ್ನು ಕರೆಸೋಣ ಎಂದು ಟೈಮ್‌ಕೀಪರ್ ಹೇಳಿದಾಗ ಅಕ್ಕ ಕಡ್ಡಿ ಮುರಿದಂತೆ ಬೇಡವೆಂದಿದ್ದಳು. “ನನ್ನ ತಮ್ಮ ತೆಗೀತಾನೆ. ಬೇರೆ ಯಾರೂ ಬೇಡ.” ಹಾಲ್‌ನ ಗೋಡೆ ಕಡುಕಂದು ಮರದ್ದು, ನೋಡಿದರೆ ಮಂಕು ಕವಿಯುವಂಥದ್ದು. ಅವನು ಅಭ್ಯಾಸಬಲದಿಂದ ನೀಲಿ ಬಟ್ಟೆ ತಂದಿದ್ದ. ಅಕ್ಕನೂ ಅಭ್ಯಾಸಬಲದಿಂದ ಎದ್ದು ಬಂದು ಅದರ ತುದಿ ಹಿಡಿದಳು. ಇಡೀ ಹಾಲ್ ಗೊಳ್ಳೆಂದಿತು.

“ಮದುಮಗಳೇ ಪರದೆ ಹಿಡಿದ್ರೆ ಕುರ್ಚಿ ಮೇಲೆ ಯಾರನ್ನ ಕೂರಿಸೋದು?” ಎಂದರು ಡಾಕ್ಟರು.

ಅಕ್ಕ ನಾಚಿಕೊಂಡು ಹೋಗಿ ಕೂತಳು. ಅವನು ಬಟ್ಟೆ ಮಡಚಿ ಕುರ್ಚಿಯ ಕೆಳಗೆ ತುರುಕಿದ. ಆ ದಿನ ಅವನು ಒಂದ್ನಿಮಿಷ ಎಂದೂ ಅನ್ನಲಿಲ್ಲ. ಗಾಜಿನೊಳಗಿಂದ ನೋಡಿದರೆ ಅಕ್ಕ ಬಹಳ ಚೆಂದ ಕಾಣುತ್ತಿದ್ದಳು, ಇಷ್ಟು ವರ್ಷ ಇವಳು ಎಲ್ಲಿದ್ದಳು ಎನ್ನಿಸುವಷ್ಟು.

ಮುಂದಿನ ಭಾನುವಾರ ಬಚ್ಚಲಿನ ಕಿಟಕಿಗೆ ಕಂಬಳಿ ಕಟ್ಟಿ ಕೆಂಪು ದೀಪ ಹಾಕಿದ. ತೊಳೆದ ಫಿಲ್ಮಿನಲ್ಲಿ ಏನೋ ಕಲಸಿಹೋದ ಹಾಗಿತ್ತು, ಫಿಲ್ಮು ತೊಳೆಯುವ ಔಷಧಿಯ ಕಲೆ ಇರಬೇಕು ಅಂದುಕೊಂಡ. ಮೊದಲ ಕಾಗದವನ್ನು ತಟ್ಟೆಯ ಔಷಧಿ ನೀರಿಗೆ ಬಿಟ್ಟ. ಬಿಳಿಯ ಕಾಗದದೊಳಗಿಂದ ನಿಧಾನಕ್ಕೆ ಡಾಕ್ಟರ ಬೋಳುತಲೆ ಮೇಲೆದ್ದು ಬಂತು. ಅದರ ಬೆನ್ನಿಗೇ ಒಂದು ದೋಣಿ ಬಂತು. ದೋಣಿ ಬಂದು ತಲೆಯ ಮೇಲೆಯೇ ನಿಂತಿತು. ಇನ್ನೊಂದು ಕಾಗದ ಬಿಟ್ಟ. ಸಹಿ ಮಾಡುತ್ತಿದ್ದ ಮೇಜಿನ ಮೇಲೆ ನೊರೆ ಹರಿದಿತ್ತು. ಇನ್ನೊಂದರಲ್ಲಿ ಊಟಕ್ಕೆ ಕೂತ ನೆಂಟರಿಷ್ಟರೆಲ್ಲ ಕುತ್ತಿಗೆಯವರೆಗೆ ನೀರಿನಲ್ಲಿ, ಯಾರಿಗೂ ಅದರ ಪರಿವೆಯೇ ಇಲ್ಲ, ತಟ್ಟೆ ನೋಡಿಕೊಂಡು ತಿನ್ನುತ್ತಿದ್ದಾರೆ. ಕೆಂಪು ಬೆಳಕಿನಲ್ಲಿ ಒಂದರ ಹಿಂದೊಂದು ಮುಖಗಳು ಸಮುದ್ರದಿಂದ ಎದ್ದು ಬರುತ್ತಿದ್ದವು. ಅಷ್ಟು ಹೊತ್ತಿಗೆ ಅವನಿಗೆ ಅರ್ಥವಾಗಿತ್ತು. ಡಬ್ಬಿಯಲ್ಲಿದ್ದ ಎರಡು ರೀಲುಗಳಲ್ಲಿ ತಾನು ಮದುವೆಗೆ ಒಯ್ದದ್ದು ಸಮುದ್ರವನ್ನು, ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರ ತೆಗೆದಿದ್ದ. ಹೊಸದು ಹೊಸದಾಗಿಯೇ ಡಬ್ಬಿಯಲ್ಲಿ ಕೂತಿತ್ತು.

ಅಲ್ಲೇ ಒದ್ದೆ ನೆಲದ ಮೇಲೆ ತಲೆಗೆ ಕೈ ಹೊತ್ತು ಕೂತ. ಕೆಟ್ಟದ್ದು ಫಿಲ್ಮು ಮಾತ್ರ ಆಗಿದ್ದರೆ ಅಕ್ಕ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಆದರೆ ಸುದ್ದಿ ಕೇಳಿದ ದಿನ ಮುಖ ಊದಿಸಿಕೊಂಡು ಮಲಗಿದವನು ಇವನು. ಮದುವೆಯ ದಿನ ನಾಲ್ಕು ಒಳ್ಳೆಯ ಮಾತಾಡದವನು ಇವನು. ಈಗ ಅವಳಿಗಿದ್ದ ಒಂದೇ ಒಂದು ಮದುವೆಯ ಫೋಟೋಗಳನ್ನೂ ನೀರುಪಾಲು ಮಾಡಿದ್ದಾನೆ. ಬೇಕೆಂದೇ ಮಾಡಿದ ಎಂದು ಅವಳಿಗೆ ಅನ್ನಿಸಿದರೆ ತಪ್ಪೇನು? ಒಂದು ಕ್ಷಣ ಅವನಿಗೇ ಅನುಮಾನ ಬಂತು.

ಆಮೇಲೆ ನೆಪಗಳ ಕಾಲ. ಕಾಗದ ಮುಗಿದಿದೆ ಅಂದ, ಔಷಧಿ ಹಳತಾಗಿದೆ ಅಂದ, ಆಸ್ಪತ್ರೆಯಲ್ಲಿ ಎಲ್ಲರ ಹಲ್ಲೂ ಒಟ್ಟಿಗೇ ಉದುರುತ್ತಿವೆ ಅಂದ. ಎರಡು ಬೀದಿಯಾಚೆ ಟೈಮ್‌ಕೀಪರ್ ಮನೆಯಲ್ಲಿದ್ದ ಅಕ್ಕ ಮೊದಮೊದಲು ನಕ್ಕಳು, ಆಮೇಲೆ ಕೇಳುವುದನ್ನೇ ಬಿಟ್ಟಳು. ಅವಳು ಕೇಳದೆ ಇದ್ದದ್ದೇ ಅವನಿಗೆ ಹೆಚ್ಚು ಚುಚ್ಚಿತು. ಹೊಲಿಗೆ ಯಂತ್ರ ಹೋದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಬಿಳಿ ಗುರುತು ಉಳಿದಿದ್ದವು. ಅವನು ಅವುಗಳನ್ನು ಸುತ್ತಿಕೊಂಡು ನಡೆಯುತ್ತಿದ್ದ.

ಕೊನೆಗೊಂದು ಭಾನುವಾರ ಏನಾದರಾಗಲಿ ಎಂದು ಇಡೀ ರೀಲನ್ನು ಕಾಗದಕ್ಕಿಳಿಸಿದ. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ತಂತಿ ಕಟ್ಟಿ, ಬಟ್ಟೆಯ ಕ್ಲಿಪ್ಪು ಹಾಕಿ ಒಣಗಬಿಟ್ಟ. ಕೊನೆಯದನ್ನು ನೇತುಹಾಕುತ್ತಿದ್ದಾಗ ಬಾಗಿಲ ಬೀಗ ತಿರುಗಿತು. ಬೀಗದ ಕೈ ಇನ್ನೂ ಅಕ್ಕನ ಬಳಿಯೇ ಇತ್ತು.

ಮುಚ್ಚಿಡಲು ಹೊತ್ತೂ ಇರಲಿಲ್ಲ, ಜಾಗವೂ ಇರಲಿಲ್ಲ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ತಂತಿಯುದ್ದಕ್ಕೂ ನಿಧಾನವಾಗಿ ನಡೆದಳು. ಅವನು ಹಿಂದೆ ಹಿಂದೆ ಹೋಗುತ್ತ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ: ರೀಲಿನ ತುದಿ, ಡಬ್ಬಿ, ಆ ಸಾಯಂಕಾಲ, ಸುಳ್ಳು ನೆಪಗಳು. ಅಕ್ಕ ತಿರುಗಲಿಲ್ಲ.

“ಬೇಕಂತ ಮಾಡಿದ್ಯಾ?” ಎಂದಳು.

“ಇಲ್ಲಕ್ಕ. ಆದ್ರೆ ನೀನು ಹೋಗೋದು ನಂಗೆ ಬೇಕಾಗಿರ್ಲಿಲ್ಲ. ಅದು ನಿಜ.”

ಅಕ್ಕ ಕೊನೆಯ ಫೋಟೋದ ಮುಂದೆ ನಿಂತಿದ್ದಳು. ಅದರಲ್ಲಿ ಅವಳೂ ಟೈಮ್‌ಕೀಪರೂ ಕುರ್ಚಿಗಳ ಮೇಲೆ ಅಕ್ಕಪಕ್ಕ ಕೂತಿದ್ದರು. ಮುಖಗಳು ತಿಳಿಯಾಗಿದ್ದವು. ಹಿಂದಿನ ಕಡುಕಂದು ಗೋಡೆ ಮಾತ್ರ ಎಲ್ಲೂ ಇರಲಿಲ್ಲ. ಗೋಡೆಯಿದ್ದ ಕಡೆ ಒಂದು ಅಲೆ ಈ ಅಂಚಿನಿಂದ ಆ ಅಂಚಿನವರೆಗೆ ಎದ್ದು, ಇಬ್ಬರ ಬೆನ್ನ ಹಿಂದೆ ಬೀಳದೆ ನಿಂತಿತ್ತು.

“ನನ್ನ ಕೈ ನೋಡು,” ಎಂದಳು.

“ಏನಾಗಿದೆ?”

“ಏನೂ ಆಗಿಲ್ಲ. ಮಡಿಲಲ್ಲಿ ಸುಮ್ನೆ ಕೂತಿದೆ.” ಅವಳು ಅಲೆಯತ್ತ ಬೆರಳು ತೋರಿದಳು. “ಇಷ್ಟು ವರ್ಷ ಎಲ್ಲರ ಹಿಂದೆ ನಾನು ಪರದೆ ಹಿಡಿದೆ. ನನ್ನ ಸರದಿ ಬಂದಾಗ ಹಿಡಿಯೋಕೆ ಯಾರೂ ಇರ್ಲಿಲ್ಲ ಅಂತ ಸಮುದ್ರನೇ ಎದ್ದು ಬಂದಿದೆ ನೋಡೋ.”

ಅವನಿಗೆ ಅಳು ತಡೆಯಲಾಗಲಿಲ್ಲ. ತೋಳಿನಿಂದ ಮೂಗು ಒರೆಸಿಕೊಂಡು, ಅಂದು ಹೊಲಿಗೆ ಯಂತ್ರ ನಿಂತ ಸಾಯಂಕಾಲವೇ ಹೇಳಬೇಕಾಗಿದ್ದ ಮಾತನ್ನು ಹೇಳಿದ.

“ಭಾವ ಒಳ್ಳೆಯವರು ಅಕ್ಕ. ನೀನು ಚೆನ್ನಾಗಿರ್ಬೇಕು. ನಂಗೆ ಸಂತೋಷನೇ.”

“ಒಂದ್ನಿಮಿಷ ತಡ ಆಯ್ತು,” ಅಂದಳು ಅಕ್ಕ. “ಪರವಾಗಿಲ್ಲ, ನಿನ್ನ ನಿಮಿಷ ಎಷ್ಟುದ್ದ ಅಂತ ನಂಗೆ ಗೊತ್ತಿಲ್ವಾ.”

ಕ್ಲಿಪ್ಪು ಬಿಚ್ಚಿ ಆ ಫೋಟೋ ತೆಗೆದುಕೊಂಡಳು. ಇನ್ನೂ ಹಸಿ ಇದೆ ಎಂದರೂ ಕೇಳಲಿಲ್ಲ, ಅವರಿಗೆ ಈಗಲೇ ತೋರಿಸಬೇಕು ಅಂದಳು. ಅವನು ಕಿಟಕಿಯಲ್ಲಿ ನಿಂತು ನೋಡಿದ. ಮಧ್ಯಾಹ್ನದ ಬೀದಿಯಲ್ಲಿ ಅಕ್ಕ ಹಸಿ ಫೋಟೋವನ್ನು ಮೈಯಿಂದ ದೂರ ಎತ್ತಿ ಹಿಡಿದು, ಗಾಳಿಗೆ ಮಡಚದ ಹಾಗೆ ಮೆಲ್ಲಗೆ ಹೋಗುತ್ತಿದ್ದಳು. ಅದರ ಅಂಚಿನಲ್ಲಿ ಅವಳ ನಾಲ್ಕು ಬೆರಳು ಕಾಣುತ್ತಿದ್ದವು.