ಐದನೆಯ ದಿನದ ಆಸ್ಪತ್ರೆ

ನನ್ನ ಹೊಟ್ಟೆನೋವನ್ನು ಯಾವ ಡಾಕ್ಟರೂ ನೋಡಲೇ ಇಲ್ಲ. ಶಹಾಪುರ, ಸುರಪುರ, ಯಾದಗಿರಿ ಎಂದು ಹನ್ನೊಂದು ವರ್ಷ ತಿರುಗಿದ್ದೇನೆ. ಅವರೆಲ್ಲ ನೋಡಿದ್ದು ನೋವು ಹೋದ ಮೇಲಿನ ಹೊಟ್ಟೆಯನ್ನು. ತಪ್ಪು ಅವರದಷ್ಟೇ ಅಲ್ಲ, ನನ್ನ ಅವ್ವನದೂ ಹೌದು, ನನ್ನದೂ ಹೌದು.

ಮುಟ್ಟು ಬಂದರೆ ಮೊದಲ ಮೂರು ದಿನ ನಾನು ಮನುಷ್ಯರ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಸೊಂಟದಿಂದ ತೊಡೆಯವರೆಗೆ ಯಾರೋ ಹಗ್ಗ ಹೊಸೆದಂತೆ ನೋವು, ವಾಂತಿ, ಸಂಡಾಸಕ್ಕೆ ಹೋಗಲು ಹೆದರಿಕೆ. ಸುರಪುರದ ಶಾಲೆಯಲ್ಲಿ ಮೇಜಿನ ಅಂಚು ಹಿಡಿದು ನಿಂತು ಮಕ್ಕಳಿಂದ ಮಗ್ಗಿ ಹೇಳಿಸಿದ್ದೇನೆ. ಗಂಡನ ಮನೆ ಅದೇ ಊರಿನಲ್ಲಿದ್ದರೂ ಆಸ್ಪತ್ರೆಗೆ ಮಾತ್ರ ಶಹಾಪುರದಿಂದ ಅವ್ವ ಬರಬೇಕು. ಹೆಣ್ಣುಮಕ್ಕಳ ಇಂಥ ಜಡ್ಡು ತವರಿನ ಪಾಲು. ನನ್ನ ಗಂಡ ಒಳ್ಳೆಯವನೇ, ಮಾತ್ರೆ ತಂದುಕೊಡುತ್ತಾನೆ. ಯಾತಕ್ಕೆಂದು ಕೇಳುವುದಿಲ್ಲ.

ಅವ್ವನ ಕಾನೂನು ಒಂದೇ. "ಐದನೇ ದಿನ ತಲಿ ಮ್ಯಾಲ ನೀರ ಹಾಕ್ಕೋ, ಆಮ್ಯಾಲ ಹೋಗೂಣು." ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆ. ಮುಟ್ಟಿನ ಸೂತಕ ನಮಗಿಲ್ಲ ಎಂದು ಅವ್ವ ಓಣಿಯವರಿಗೆಲ್ಲ ಬುದ್ಧಿ ಹೇಳುತ್ತಾಳೆ, ಆ ದಿನಗಳಲ್ಲೂ ನನ್ನ ಕೈಯಿಂದಲೇ ರೊಟ್ಟಿ ಮಾಡಿಸಿದ್ದಾಳೆ. ಡಾಕ್ಟರ ಮುಂದೆ ಮಾತ್ರ ಅದು ನಡೆಯುವುದಿಲ್ಲ. "ಆಕಿ ಕೈ ಹಚ್ಚಿ ನೋಡಾಕಿ. ಹೊಲಸ ಮೈಲೆ ಹೋದ್ರ ಏನ ತಿಳ್ಕೋತಾಳ? ಯಾರ ಮನ್ಯಾಕಿ ಅಂತಾಳ." ಸೂತಕ ಬಿಟ್ಟವರಿಗೂ ಮರ್ಯಾದೆ ಬಿಡಲಾಗಲಿಲ್ಲ. ನಾನೂ ಹೂಂ ಎಂದೆ. ಓದಿದವಳು, ಮಕ್ಕಳಿಗೆ ಆರೋಗ್ಯದ ಪಾಠ ಮಾಡುವವಳು, ನನಗೂ ಅದೇ ಸರಿ ಅನ್ನಿಸಿತ್ತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೀಗಾಗಿ ಪ್ರತಿಸಲವೂ ಎಣ್ಣೆ ಹಚ್ಚಿ ಜಡೆ ಹಾಕಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಆಸ್ಪತ್ರೆಗೆ ಹೋದೆ. ಅಂಥವಳು ನೋವು ಎಂದರೆ ಯಾರು ನಂಬುತ್ತಾರೆ? ಮೊದಲು ಶಹಾಪುರದಲ್ಲಿ, "ಲಗ್ನ ಮಾಡ್ರಿ, ಎಲ್ಲಾ ಸರಿ ಹೋಗ್ತದ" ಎಂದರು. ಲಗ್ನವಾಯಿತು. ಸುರಪುರದಲ್ಲಿ, ಒಂದು ಕೂಸಾಗಲಿ ಎಂದರು. ಕೂಸು ಆಗಲಿಲ್ಲ. ಅದಕ್ಕೂ ಈ ನೋವಿಗೂ ಸಂಬಂಧ ಇರಬಹುದೆಂದು ಒಬ್ಬರೂ ಹೇಳಲಿಲ್ಲ. ಯಾದಗಿರಿಯಲ್ಲಿ ಸ್ಕ್ಯಾನ್ ಮಾಡುವವರು ವಾರಕ್ಕೆ ಎರಡೇ ದಿನ ಬರುತ್ತಿದ್ದರು. ನೀರು ಕುಡಿದು, ಮೂತ್ರ ತಡೆದುಕೊಂಡು ಮೂರು ತಾಸು ಕೂತರೆ ಬರುವ ಉತ್ತರ "ನಾರ್ಮಲ್". ಆ ಶಬ್ದ ಕೇಳಿದರೆ ಚೀಟಿ ಹರಿದು ಹಾಕಬೇಕೆನ್ನಿಸುತ್ತಿತ್ತು. ಕಡೆಗೆ ಅಲ್ಲಿಯ ಡಾಕ್ಟರೊಬ್ಬರು ಮುಖ ಎತ್ತದೆ ಹೇಳಿದರು: "ಇಷ್ಟು ತ್ರಾಸ ಇದ್ರ ಗರ್ಭಚೀಲ ತೆಗೆಸಿಬಿಡ್ರಿ. ಬರೋ ವಾರ ಬರ್ರಿ."

ನನಗೆ ಮೂವತ್ತೊಂದು ವರ್ಷ. ನನಗೆ ಕೂಸು ಬೇಕಿತ್ತು. ರೋಗದ ಹೆಸರು ಕೂಡ ಹೇಳದೆ ಅಂಗ ತೆಗೆಯುವ ಮಾತಾಡಿದರು. ಅವ್ವ "ಆಗ್ಲಿರಿ" ಎಂದು ತಲೆಯಾಡಿಸಿದಳು.

ಮರುದಿನ ಶಾಲೆಯಲ್ಲಿ ಇದನ್ನು ಹೇಳಿ ಅತ್ತುಬಿಟ್ಟೆ. ಗುರುಮಠಕಲ್ ಕಡೆಯ ಟೀಚರ್ ಒಬ್ಬರು ಕೇಳಿದರು: "ನೋವು ಇದ್ದಾಗ ಒಂದರ ಸಲ ತೋರಿಸೀರೇನ್ರಿ?" ಇಲ್ಲ ಎಂದೆ. "ಗ್ಯಾರೇಜಿಗೆ ಒಯ್ದಾಗ ಗಾಡಿ ಸಪ್ಪಳಾನೇ ಮಾಡಂಗಿಲ್ಲ ನೋಡ್ರಿ, ಹಂಗಾಗ್ಯಾದ ನಿಮ್ದು. ಸಪ್ಪಳ ಮಾಡಾಕತ್ತಾಗ ಒಯ್ಯಬೇಕು." ಅವರ ತಂಗಿಗೂ ಹೀಗೇ ಇತ್ತಂತೆ. ಕಲಬುರಗಿಯ ಡಾಕ್ಟರೊಬ್ಬರ ವಿಳಾಸ ಬರೆದುಕೊಟ್ಟರು. ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಆಸರೆ ಅದು, ಅದೂ ಸ್ಟಾಫ್ ರೂಮಿನಲ್ಲಿ.

ಮುಂದಿನ ತಿಂಗಳು ಮುಟ್ಟಿನ ಎರಡನೇ ದಿನವೇ ಹೊರಟೆ. ಶಹಾಪುರ ಬಸ್ ಸ್ಟ್ಯಾಂಡಿನಲ್ಲಿ ಅವ್ವ ಮುಖ ಗಂಟಿಕ್ಕಿಕೊಂಡು ಕಾಯುತ್ತಿದ್ದಳು. "ತಲಿ ಜಳಕಿಲ್ಲ, ಏನಿಲ್ಲ, ಹಿಂಗ ಹೊಂಟಿ."

"ಹಿಂಗೇ ಹೋಗಬೇಕವ್ವ" ಎಂದೆ. ಜೇವರ್ಗಿ ತಲುಪುವಷ್ಟರಲ್ಲಿ ನಾನು ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸಲ ವಾಂತಿ ಮಾಡಿದೆ.

ಕಲಬುರಗಿಯ ಡಾಕ್ಟರಮ್ಮ ಹೊಟ್ಟೆಯ ಎಡಕ್ಕೆ ಬೆರಳೂರಿದಾಗ ನಾನು ಚೀರಿದೆ. ಅವರು ಕೈ ತೆಗೆದು ನನ್ನ ಮುಖ ನೋಡಿದರು. ಹನ್ನೊಂದು ವರ್ಷದಲ್ಲಿ ಯಾರೂ ಹಾಗೆ ನೋಡಿರಲಿಲ್ಲ. ಎಂಡೊಮೆಟ್ರಿಯೋಸಿಸ್ ಇರಬೇಕು ಎಂದರು. ಗರ್ಭಚೀಲದ ಒಳಪದರದಂಥದ್ದು ಅದರ ಹೊರಗೂ ಬೆಳೆದು ನೋವು ಕೊಡುತ್ತದಂತೆ. ಎಲ್ಲ ಸಲ ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಹೊಟ್ಟೆಗೆ ಸಣ್ಣ ತೂತು ಮಾಡಿ ದುರ್ಬೀನು ಹಾಕಿ ನೋಡಿದರೆ ಖಾತ್ರಿಯಾಗುತ್ತದೆ ಎಂದರು. ಗರ್ಭಚೀಲ ತೆಗೆಯುವ ಮಾತು ಈಗ ಬೇಡವೇ ಬೇಡ ಎಂದೂ ಹೇಳಿದರು. ಆಮೇಲೆ ಬರೆದುಕೊಳ್ಳುತ್ತ ಕೇಳಿದರು: "ಮನ್ಯಾಗ ಮತ್ಯಾರಿಗರ ಹಿಂಗ ಇತ್ತೇನು?"

ಇಲ್ಲ ಎಂದೆ.

"ನನಗಿತ್ರಿ" ಎಂದಳು ಅವ್ವ ಹಿಂದಿನಿಂದ. "ನಾಕ ದಿನ ನೆಲಕ್ಕ ಹೊಟ್ಟಿ ಒತ್ತಿ ಮಲಗ್ತಿದ್ದೆ. ಇಕಿ ಹುಟ್ಟಿ ಎರಡ ವರ್ಷಕ್ಕ ಚೀಲ ತೆಗೆದ್ರು."

ನನ್ನ ಬೆನ್ನಿಗೆ ಬಿದ್ದವರು ಯಾಕಿಲ್ಲ ಎಂದು ಚಿಕ್ಕವಳಿದ್ದಾಗ ಕೇಳಿದರೆ, ಶಿವ ಕೊಡಲಿಲ್ಲ ಎನ್ನುತ್ತಿದ್ದಳು. ಈಗ ನನಗೆ ಮರುಕ ಬರಬೇಕಿತ್ತು. ಬಂದದ್ದು ಸಿಟ್ಟು. ಔಷಧ ಅಂಗಡಿಯ ಮುಂದೆ ಜನರೆದುರೇ ಕೇಳಿಬಿಟ್ಟೆ: "ಇಷ್ಟ ವರ್ಷ ನನ್ನ ನೋಡ್ಕೋತ ಕುಂತಿ. ಒಂದ ಮಾತ ಹೇಳಬಾರದಾಗಿತ್ತೇನು?"

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಅದು ರೋಗ ಅಂತ ನನಗರ ಯಾರು ಹೇಳ್ಯಾರ? ಹೆಂಗಸಂದ್ರ ಹಿಂಗೇ ಅಂತ ತಿಳಿದಿದ್ದೆ." ನನ್ನ ಕೈಯ ಚೀಟಿ ನೋಡುತ್ತ ಕೇಳಿದಳು: "ಹೆಸರೇನಂದ್ಳು ಅದಕ್ಕ? ಇನ್ನೊಮ್ಮಿ ಹೇಳು."

ನನ್ನ ಸಿಟ್ಟು ಇಳಿದಿರಲಿಲ್ಲ. ಆದರೂ ಹೇಳಿದೆ. ಅವ್ವ ಅದನ್ನು ಒಂದೊಂದೇ ಅಕ್ಷರವಾಗಿ ಬಾಯಲ್ಲಿ ಆಡಿಸುತ್ತ ಬಸ್ಸಿನತ್ತ ನಡೆದಳು.