ಗೋಡೆಯ ಮೇಲಿನ ಹಸಿರು ಬಳೆ

ಹುಮನಾಬಾದಿನ ಹಳೆ ಬಜಾರಿನಲ್ಲಿ ಮಾಣಿಕಮ್ಮನ ಬಳೆ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಿದ್ದರು. ಕಟ್ಟೆಯ ಮೇಲೊಂದು ಚಾಪೆ, ಹಿಂದಿನ ಗೋಡೆಯ ತುಂಬ ಬಳೆಯ ಸರಗಳು, ಪಕ್ಕದಲ್ಲಿ ಸಾಬೂನು ನೀರಿನ ಬಟ್ಟಲು. ಚಾಪೆಯ ಮೇಲೆ ಕುಳಿತ ಹೆಣ್ಣುಮಗಳ ಕೈಯನ್ನು ಮಾಣಿಕಮ್ಮ ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳ ಗೆಣ್ಣುಗಳನ್ನು ಮೆಲ್ಲಗೆ ಒತ್ತಿ, ತವರಿನ ಸುದ್ದಿ ಕೇಳುತ್ತ ಬಳೆ ಏರಿಸುತ್ತಿದ್ದಳು. ನೋವಾಯಿತೆಂದು ಹೇಳುವುದರೊಳಗೆ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು. ಊರ ಕೈಗಳನ್ನೆಲ್ಲ ಹೀಗೆ ತುಂಬಿಸಿದವಳ ಎರಡೂ ಕೈ ಬೋಳು.

ಅವಳು ಬಸವಕಲ್ಯಾಣದ ಮಗಳು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಹುಮನಾಬಾದಿಗೆ ಸೊಸೆಯಾಗಿ ಬಂದಳು. ಗಂಡ ಚನ್ನಬಸಪ್ಪ ಹೈದರಾಬಾದಿನಿಂದ ಗಾಜಿನ ಬಳೆ ತಂದು, ಅಳತೆ ನೋಡಿ ಸರ ಕಟ್ಟಿ, ಪ್ರತಿ ಸರಕ್ಕೂ ನವಿಲಿನ ಚಿತ್ರದ ಚೀಟಿ ಅಂಟಿಸಿ ಮಾರುತ್ತಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಅದಕ್ಕೆ ನವಿಲು ಛಾಪ ಬಳೆ ಎಂದು ಹೆಸರಾಗಿತ್ತು. ಮದುವೆಯಾದ ಮೊದಲ ನಾಗರಪಂಚಮಿಗೆ ಚನ್ನಬಸಪ್ಪ ತಾನೇ ಹೆಂಡತಿಗೆ ಹಸಿರು ಬಳೆ ತೊಡಿಸಿದ್ದ. ಬಿಗಿ ಅಳತೆಯವನ್ನೇ ಆರಿಸಿದ್ದ.

“ಸಡಿಲ ಬಳಿ ಜಲ್ದಿ ಒಡೀತಾವ. ಬಿಗಿ ಬಳಿ ಬಾಳ್ತಾವ,” ಅಂದಿದ್ದ.

ಬಳೆ ಏರಿದ ಮೇಲೂ ಅವನು ಕೈ ಬಿಟ್ಟಿರಲಿಲ್ಲ. ಅತ್ತೆ ಒಳಗಿನಿಂದ ಕೆಮ್ಮಿದಾಗ ಬಿಟ್ಟ.

ಅಷ್ಟೇ ಅವಳ ಸಂಸಾರ. ಎರಡು ಪಂಚಮಿ ಕಳೆಯುವುದರೊಳಗೆ, ಬಳೆ ತರಲು ಹೋದ ಚನ್ನಬಸಪ್ಪ ಹೈದರಾಬಾದಿನಲ್ಲೇ ಜ್ವರ ಹಿಡಿದು ತೀರಿಕೊಂಡ. ಮಣ್ಣು ಮಾಡಿದ ದಿನ ಅತ್ತೆ ಶೇವಂತಾಬಾಯಿ ಬಳೆ ಒಡೆಯಲು ಅಸ್ಗರಿಯನ್ನು ಕರೆಸಿದಳು. ಅಸ್ಗರಿಯ ಮನೆತನದವರು ತಲೆತಲಾಂತರದಿಂದ ಬಳೆ ತೊಡಿಸುವವರು. ಹಬ್ಬಕ್ಕೆ ತೊಡಿಸುವುದೂ ಅವರೇ, ಹೀಗೊಂದು ದಿನ ಬಂದರೆ ತೆಗೆಯುವುದೂ ಅವರೇ. ಕಲ್ಲಿನ ಮೇಲೆ ಬಳೆಗಳು ಒಡೆದವು. ಆದರೆ ಅಸ್ಗರಿ ಎರಡು ಬಳೆಗಳನ್ನು ಗೆಣ್ಣು ಒತ್ತಿ ಇಡಿಯಾಗಿ ಜಾರಿಸಿ ತನ್ನ ಸೆರಗಿನಲ್ಲಿ ಮುಚ್ಚಿಕೊಂಡಳು. ತಿಂಗಳೊಪ್ಪತ್ತು ಕಳೆದ ಮೇಲೆ ಯಾರೂ ಇಲ್ಲದ ಹೊತ್ತು ನೋಡಿ ಮಾಣಿಕಮ್ಮನ ಕೈಗಿಟ್ಟಳು.

“ಇಟ್ಕೋ ಮಾಣಿಕಾ. ಇಷ್ಟು ಬಿಗಿ ಬಳಿ ಒಡ್ಯಾಕ ನನ್ನ ಜೀವ ಒಪ್ಪಲಿಲ್ಲ.”

ಮಾಣಿಕಮ್ಮ ಅವನ್ನು ಟ್ರಂಕಿನ ತಳದಲ್ಲಿ, ಗಂಡನ ರುಮಾಲಿನ ಮಡಿಕೆಯೊಳಗೆ ಇಟ್ಟಳು. ಒಮ್ಮೊಮ್ಮೆ ಮಧ್ಯಾಹ್ನ ಅತ್ತೆ ಮಲಗಿದಾಗ ಬಾಗಿಲು ಮುಂದೆ ಮಾಡಿಕೊಂಡು ತೊಡಲು ನೋಡುತ್ತಿದ್ದಳು. ಗೆಣ್ಣಿಗೆ ಬಂದು ನಿಲ್ಲುತ್ತಿದ್ದವು. ಊರಿಗೆಲ್ಲ ಬಳೆ ತೊಡಿಸುವವಳಿಗೂ ತನ್ನ ಬಿಗಿ ಬಳೆಯನ್ನು ತಾನೇ ತೊಟ್ಟುಕೊಳ್ಳಲು ಬರುವುದಿಲ್ಲ. ಅದಕ್ಕೆ ಇನ್ನೊಬ್ಬರು ಕೈ ಹಿಡಿದು ಒತ್ತಬೇಕು. ಹಿಡಿ ಎಂದು ಯಾರನ್ನು ಕೇಳುವುದು?

ಅಂಗಡಿಯನ್ನು ಅವಳೇ ನಡೆಸಿದಳು. ದಿನದ ಬಳೆ ತೊಡಲು ಬಂದವರಿಗೆ ಅವಳ ಕೈ ಆಗುತ್ತಿತ್ತು. ಮದುವೆ, ಸೀಮಂತ, ಪಂಚಮಿ ಬಂದರೆ ಮಾತ್ರ ಅಸ್ಗರಿ ಅಂಗಡಿಗೆ ಬಂದು ಕೂಡುತ್ತಿದ್ದಳು, ಮುತ್ತೈದೆಯರು ಅವಳ ಕಡೆ ಸರಿಯುತ್ತಿದ್ದರು. ಆಗ ಮಾಣಿಕಮ್ಮ ಹಿಂದೆ ಕುಳಿತು, ದೂರದಿಂದಲೇ ಕೈ ನೋಡಿ ಅಳತೆಯ ಸರ ಬಿಚ್ಚಿಕೊಡುವಳು. ತೊಟ್ಟವರು ಅಸ್ಗರಿಗೆ ಕೈ ಮುಗಿದು ಎದ್ದು ಹೋಗುವರು. ಇದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ. ಮಾಣಿಕಮ್ಮನೂ ಬಾಯಿ ಬಿಟ್ಟು ಏನೂ ಅಂದಿರಲಿಲ್ಲ.

ಹೀಗೆ ಹತ್ತು ವರ್ಷಗಳ ಮೇಲಾದಾಗ ಊರಿಗೆ ಪುರಸಭೆಯ ಚುನಾವಣೆ ಬಂತು. ಆ ವರ್ಷ ಮಳೆ ತಡವಾಗಿ ನೀರಿನ ತ್ರಾಸು ಬಹಳ. ಹಳೆ ಬಜಾರಿನ ಹೆಣ್ಣುಮಕ್ಕಳು ಊರ ಹೊರಗಿನ ಬಾವಿಗೆ ಹೋಗಿ ಸೇದಿ ತರುತ್ತಿದ್ದರು. ಬಕ್ಕಪ್ಪ ಸಾಹುಕಾರ ಚುನಾವಣೆಗೆ ನಿಂತಿದ್ದ. ಅವನ ಸಭೆಗೆ ಹೆಂಗಸರು ಖಾಲಿ ಕೊಡಗಳನ್ನು ಹೊತ್ತು ಹೋದರು. ಮಾಣಿಕಮ್ಮನೂ ಹೋದಳು. ಹೋದದ್ದಷ್ಟೇ ಅಲ್ಲ, ಎಲ್ಲರೂ ಹಿಂದೆ ಮುಂದೆ ನೋಡುತ್ತಿದ್ದಾಗ ಅವಳೇ ಕೇಳಿದಳು.

“ನಳದ ನೀರು ಯಾವಾಗ ಬರತಾವ್ರಿ, ಸಾಹುಕಾರ್ರ?”

ಬಕ್ಕಪ್ಪ ಮೈಕು ಹತ್ತಿರ ಎಳೆದುಕೊಂಡ. “ತಡೀರಿ, ತಡೀರಿ. ನಾವೇನು ಕೈಗೆ ಬಳಿ ತೊಟ್ಟು ಕುಂತಿಲ್ಲ. ಬಳಿ ತೊಟ್ಟ ಕೈಲೆ ಊರು ಉದ್ಧಾರ ಆಗೂದಿದ್ರ ಬಳಗಾರ್ತಿನ್ನೇ ಪ್ರೆಸಿಡೆಂಟ್ ಮಾಡ್ತಿದ್ದಿವಿ. ಇಲ್ಲಿ ನೋಡಿದ್ರ ಬಳಗಾರ್ತಿಗೇ ಬಳಿ ಇಲ್ಲ.”

ಗಂಡಸರು ಚಪ್ಪಾಳೆ ತಟ್ಟಿ ನಕ್ಕರು. ಹೆಂಗಸರು ಕೊಡ ಹೊತ್ತು ಹಿಂದಕ್ಕೆ ಬಂದರು. ಮಾಣಿಕಮ್ಮ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಡೆದಳು.

ಬಸ್ ಸ್ಟ್ಯಾಂಡಿನ ಎದುರು, ಹೈದರಾಬಾದ್ ರಸ್ತೆಗೆ ಮುಖ ಮಾಡಿ, ಕಟ್ಟಿಗೆ ಮಾರುವ ಅಡ್ಡೆಯ ಉದ್ದನೆಯ ಗೋಡೆಯಿತ್ತು. ಚನ್ನಬಸಪ್ಪನ ಕಾಲದಿಂದ ಅದರ ಮೇಲೆ ನವಿಲು ಛಾಪ ಬಳೆಯ ಜಾಹೀರಾತು. ಪಂಚಮಿಗೆ ಮುಂಚೆ ಪೇಂಟರ್ ದೇವಿದಾಸ ಬಂದು ಹಳೆಯದರ ಮೇಲೆ ಹೊಸ ಬಣ್ಣ ಕೊಡುವುದು ರೂಢಿ. ಬಸವಕಲ್ಯಾಣದ ಟಾಕೀಜಿಗೆ ಬೋರ್ಡು ಬರೆಯುವ ಈ ದೇವಿದಾಸ ಮಾಣಿಕಮ್ಮನ ತವರಿನ ಓಣಿಯವನು.

“ಅಕ್ಕಾವರ, ಹೋದ ವರ್ಷದ್ದ ಬರೀಲೇನ್ರಿ? ‘ಚೆಂದದ ಕೈಗೆ ನವಿಲು ಛಾಪ ಬಳೆ’?”

“ಬ್ಯಾಡ. ನಾ ಹೇಳಿದ್ದ ಬರಿ,” ಎಂದಳು ಮಾಣಿಕಮ್ಮ. ಸಭೆಯ ದಿನದಿಂದ ಅವಳು ಮನಸ್ಸಿನಲ್ಲಿ ಕೂಡಿಸಿ ಕಳೆದು ಇಟ್ಟುಕೊಂಡದ್ದನ್ನು ಹೇಳಿದಳು.

“ಬಳಿ ತೊಟ್ಟಿಲ್ಲ ಅನ್ನುವ ಸಾಹೇಬರ, ಒಮ್ಮೆ ತೊಟ್ಟು ನೋಡ್ರಿ. ಮೊದಲ ಡಜನ್ ಪುಕ್ಕಟ. ತೊಟ್ಟ ಕೈಲೆ ಒಂದು ಕೊಡ ನೀರು ಸೇದ್ರಿ. ನವಿಲು ಛಾಪ ಬಳೆ, ಹುಮನಾಬಾದ.”

ದೇವಿದಾಸ ನಕ್ಕ. ಆಮೇಲೆ ನಗು ಬಿಟ್ಟು ಅತ್ತಿತ್ತ ನೋಡಿದ. “ಸಾಹುಕಾರ್ರ ಎಲೆಕ್ಷನ್ ಬೋರ್ಡೂ ನಾನೇ ಬರ್ಯಾಕತ್ತೇನ್ರಿ.”

“ಛಲೋ ಆತು. ಎರಡೂ ಕಡೆ ಅಕ್ಷರ ಒಂದೇ ನಮೂನಿ ಬರತಾವ.”

ಅವನಿಗೆ ಇನ್ನೊಂದು ತೊಡಕಿತ್ತು. ಸಿನಿಮಾ ನಾಯಕಿಯರ ಕೈ ಬರೆದು ರೂಢಿ, ನೀರು ಸೇದುವ ಕೈ ಎಂದೂ ಬರೆದವನಲ್ಲ. ಹಿತ್ತಲ ಬಾವಿಯ ಹಗ್ಗ ಹಿಡಿದು ನಿಲ್ಲಿರೆಂದು ಮಾಣಿಕಮ್ಮನನ್ನು ಕೇಳಿದ. ಬಾವಿ ಬತ್ತಿತ್ತು, ಹಗ್ಗವಿತ್ತು. ಅವಳು ಹಿಡಿದು ನಿಂತಳು. ಅವನು ಕಾಗದದ ಮೇಲೆ ಇದ್ದಿಲಿನಿಂದ ಗೆರೆ ಎಳೆದುಕೊಂಡು ಹೋದ.

ನಾಲ್ಕು ದಿನದ ಮೇಲೆ ಕಲ್ಯಾಣಕ್ಕೆ ಹೋಗಲೆಂದು ಬಸ್ ಸ್ಟ್ಯಾಂಡಿಗೆ ಬಂದ ಮಾಣಿಕಮ್ಮ ಎದುರಿನ ಗೋಡೆ ನೋಡಿ ನಿಂತಲ್ಲೇ ನಿಂತಳು. ಆಳೆತ್ತರದ ಕೈಯೊಂದು ಹಗ್ಗ ಜಗ್ಗುತ್ತಿತ್ತು. ಕಿರುಬೆರಳು ಒಳಕ್ಕೆ ಡೊಂಕು. ತಾನು ಸೊಸೆಯಾಗಿ ಬಂದ ವರ್ಷ ಖಾರ ಕುಟ್ಟುವಾಗ ಒನಕೆ ಬಿದ್ದು ಮುರಿದ ಬೆರಳು ಅದು. ಆ ಕೈಯ ತುಂಬ, ಬಿಗಿಯಾಗಿ, ಹಸಿರು ಬಳೆ.

ಕಲ್ಯಾಣದ ಬಸ್ಸು ಹೊರಟುಹೋಯಿತು. ಅವಳಿಗೆ ತಿಳಿಯಲೇ ಇಲ್ಲ.

ಗೋಡೆಯ ಸುದ್ದಿ ಬಸ್ಸುಗಳ ಜೊತೆ ಹಳ್ಳಿಹಳ್ಳಿಗೆ ಹೋಯಿತು. ಓದಲು ಬಾರದ ಹೆಂಗಸರು ಕಂಡಕ್ಟರನಿಂದ ಓದಿಸಿಕೊಂಡು ನಕ್ಕರು. ಬಕ್ಕಪ್ಪ ಸಾಹುಕಾರ ಭಾಷಣಕ್ಕೆ ನಿಂತು ಕೈ ಎತ್ತಿದರೆ ಸಾಕು, ಹೆಂಗಸರ ಕಡೆಯಿಂದ ಬಳೆಗಳ ಸಪ್ಪಳ ಏಳತೊಡಗಿತು. ಬೇಕೆಂದೇ ಕೈ ಝಾಡಿಸುತ್ತಿದ್ದರು. ಒಂದು ದಿನ ಸಾಹುಕಾರನ ಹೆಂಡತಿ ತುಳಜಾಬಾಯಿಯೇ ಅಂಗಡಿಗೆ ಬಂದು ಚಾಪೆಯ ಮೇಲೆ ಕುಳಿತಳು.

“ಮೊದಲ ಡಜನ್ ಪುಕ್ಕಟ ಅಂತ ಬರಸೀರಂತಲ್ಲ?”

“ಹೌದ್ರಿ, ಅವ್ವಾರ. ಆದ್ರ ಅದು ಸಾಹೇಬರಿಗೆ.”

“ಗೊತ್ತದ. ಅವರು ಬರಂಗಿಲ್ಲ, ಅವರ ಪಾಲಿಂದು ನಾ ತೊಡತೇನಿ.” ತುಳಜಾಬಾಯಿ ಕೈ ಚಾಚಿದಳು. ಅಸ್ಗರಿ ಹತ್ತಿರ ಸರಿದಾಗ ತಲೆ ಅಲ್ಲಾಡಿಸಿದಳು. “ನೀ ಅಲ್ಲ ಅಸ್ಗರಿ. ಮಾಣಿಕಮ್ಮ ತೊಡಸಲಿ.”

ಪಂಚಮಿ ಇನ್ನೆರಡು ದಿನವಿತ್ತು. ಹಬ್ಬದ ಬಳೆಯನ್ನು ಮಾಣಿಕಮ್ಮನ ಕೈಯಿಂದ ಅಲ್ಲಿಯ ತನಕ ಯಾರೂ ತೊಟ್ಟಿರಲಿಲ್ಲ. ಅವಳು ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದಾಗಿ ತೊಡಿಸಿದಳು. ತುಳಜಾಬಾಯಿ ಕೈ ಮುಗಿದು, “ಮನ್ಯಾಗ ನೀರು ಸೇದೂದು ನನಗೂ ತಪ್ಪಿಲ್ಲವ್ವ,” ಎಂದು ಎದ್ದು ಹೋದಳು.

ಸಾಹುಕಾರನಿಗೆ ಉಪಾಯ ಹೊಳೆಯದೆ ಇರಲಿಲ್ಲ. ತನ್ನನ್ನು ಅಣಕಿಸಿದ್ದಾರೆಂದು ದೂರಿದರೆ ಆಡಿದ ಮಾತು ತನ್ನದೇ ಎಂದು ಒಪ್ಪಿಕೊಂಡಂತೆ. ಅದನ್ನು ಬಿಟ್ಟು ಸೀದಾ ಶೇವಂತಾಬಾಯಿಯ ಮುಂದೆ ಬಂದು ಕುಳಿತ.

“ನನಗ ಅಂದದ್ದು ಬಿಡ್ರಿ, ಅತ್ತಿ. ಚುನಾವಣಿ ಅಂದ್ರ ಇರೂದ. ಆದ್ರ ಆ ಡೊಂಕ ಬೆರಳು ಯಾರದು ಅಂತ ಊರಿಗೆ ಗೊತ್ತದ. ಚನ್ನಬಸಪ್ಪ ಹೋದ ಮ್ಯಾಲ ಆಕಿ ಕೈಗೆ ಹಸಿರ ಬಳಿ ಹ್ಯಾಂಗ ಬಂದು ಅಂತ ಮಂದಿ ಕೇಳಾಕತ್ಯಾರ. ನನಗ ನಿಮ್ಮ ಮನಿತನದ ಚಿಂತಿ. ಗೋಡಿಗೆ ಸುಣ್ಣ ಹೊಡಸಿಬಿಡ್ರಿ.”

ಅವನು ಚಹಾ ಕುಡಿದು ಹೋದ ಮೇಲೆ ಅತ್ತೆ ಸೊಸೆಯನ್ನು ಹತ್ತಿರ ಕರೆದಳು. ಅಂದು ಸೊಸೆಯ ಮುರಿದ ಬೆರಳಿಗೆ ಬಿದಿರ ದಬ್ಬೆ ಕಟ್ಟಿದವಳು ಅವಳೇ. ಚಿಟಗುಪ್ಪದ ಮಗಳ ಮನೆಯಿಂದ ಬರುವಾಗ ಬಸ್ಸಿನ ಕಿಟಕಿಯಿಂದ ಅವಳೂ ಆ ಕೈಯನ್ನು ಗುರುತಿಸಿದ್ದಳು. ಏನೂ ಅಂದಿರಲಿಲ್ಲ.

“ಗೋಡಿ ಮ್ಯಾಲಿನ ಮಾತು ಇರಲಿ,” ಎಂದಳು. “ಸಭಾದಾಗ ಅಂವ ಅಂದದ್ದು ನನಗೂ ಹತ್ತ್ಯದ. ನಾನೂ ಬಳಿ ಒಡಕೊಂಡಾಕೀನ. ಆದ್ರ ಆ ಕೈ... ಮಂದಿ ಬಾಯಿಗೆ ನಾ ಏನು ಹೇಳಲಿ, ಮಾಣಿಕಾ?”

ಮಾಣಿಕಮ್ಮ ದೇವಿದಾಸನಿಗೆ ಹೇಳಿ ಕಳಿಸಿದಳು. ಅವನೇ ದಾರಿ ತೋರಿಸಿದ.

“ಸುಣ್ಣ ಯಾಕ್ರಿ? ಕಿರುಬೆರಳು ನೆಟ್ಟಗ ಮಾಡಿಬಿಡತೇನಿ. ಆಮ್ಯಾಲ ಅದು ಯಾರ ಕೈನೂ ಅಲ್ಲ. ಬಳಿನೂ ಉಳೀತಾವ, ಮಾತೂ ಉಳೀತದ. ಸಾಹುಕಾರ್ರಿಗೆ ಬಾಯಿ ತೆಗ್ಯಾಕ ಏನೂ ಉಳ್ಯಂಗಿಲ್ಲ.”

ಒಳ್ಳೆಯ ಮಾತೇ. ಅದಕ್ಕಿಂತ ಒಳ್ಳೆಯದು ಯಾರಿಗೂ ಹೊಳೆಯುತ್ತಿರಲಿಲ್ಲ. ಮಾಣಿಕಮ್ಮ ಉತ್ತರ ಕೊಡಲು ಮರುದಿನದ ತನಕ ಸಮಯ ಕೇಳಿದಳು. ಬೆಳಿಗ್ಗೆ ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕುಳಿತಳು. ಬಿಸಿಲು ಗೋಡೆಗೆ ಬಂತು, ಹಸಿರು ಹೊಳೆಯಿತು. ತೊಟ್ಟಿದ್ದರೆ ತನ್ನ ಕೈ ಹೀಗೇ ಕಾಣುತ್ತಿತ್ತು. ರೊಟ್ಟಿ ಬಡಿಯುವಾಗ ಹೀಗೇ ಸಪ್ಪಳವಾಗುತ್ತಿತ್ತು, ಒಳಗಿನವರಿಗೆ ತಾನು ಎಲ್ಲಿದ್ದೇನೆಂದು ಸಪ್ಪಳದಿಂದಲೇ ಗೊತ್ತಾಗುತ್ತಿತ್ತು. ಸೆರಗಿನೊಳಗೆ ತನ್ನ ಬೋಳು ಮಣಿಕಟ್ಟನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

ದೇವಿದಾಸ ಏಣಿ ಹೊತ್ತು ಬಂದ.

“ನೆಟ್ಟಗ ಮಾಡು,” ಎಂದಳು.

ಅವನು ಬೆರಳು ತಿದ್ದುವ ತನಕ ಅವಳು ಅಲ್ಲೇ ಇದ್ದಳು. ಬಣ್ಣ ಒಣಗಿದ ಮೇಲೆ ಅದು ಯಾವುದೋ ಚೆಂದದ ಹೆಣ್ಣುಮಗಳ ಕೈಯಾಯಿತು.

ಬಕ್ಕಪ್ಪ ಸಾಹುಕಾರ ಗೆದ್ದ, ಅದೂ ಕೆಲವೇ ಓಟುಗಳ ಅಂತರದಿಂದ. ಹಳೆ ಬಜಾರಿಗೆ ನಳ ಬಂತು, ತಡವಾಗಿ. ಬಳೆಯ ಮಾತನ್ನು ಮಾತ್ರ ಅವನು ಮತ್ತೆ ಎಲ್ಲಿಯೂ ಆಡಲಿಲ್ಲ. ಗೋಡೆಯ ಮೇಲಿನ ಮಾತು ಎಷ್ಟೋ ವರ್ಷ ಉಳಿಯಿತು. ಬೇಮಳಖೇಡದಿಂದ ಸಂತೆಗೆ ಬರುವ ಹೆಂಗಸರು ಬಸ್ಸಿಳಿದು ಅಂಗಡಿಗೆ ಬಂದು, “ಆ ಗೋಡಿ ಮ್ಯಾಲಿನ ಕೈ ನನ್ನ ಕೈನ ಹಾಂಗದ ನೋಡ್ರಿ,” ಎಂದು ನಗುತ್ತಿದ್ದರು. ಕೇಶರಬಾಯಿ ಅನ್ನುವಾಕೆಯಂತೂ ಪೇಂಟರ್ ತನ್ನನ್ನೇ ನೋಡಿ ಬರೆದಿದ್ದಾನೆಂದು ಸಾಧಿಸುತ್ತಿದ್ದಳು.

“ಇರಬೇಕು ಬಿಡ್ರಿ. ಹಂಗ ಕಾಣಸ್ತದ,” ಎನ್ನುತ್ತಿದ್ದಳು ಮಾಣಿಕಮ್ಮ, ಅವಳ ಗೆಣ್ಣು ಒತ್ತುತ್ತ.

ಕಲ್ಯಾಣಕ್ಕೆ ಹೋಗುವಾಗೆಲ್ಲ ಅವಳು ಗೋಡೆ ಕಾಣುವ ಕಡೆಯ ಕಿಟಕಿಗೇ ಕೂಡುತ್ತಿದ್ದಳು. ನೆಟ್ಟಗಾದ ಬೆರಳಿನ ಅಡಿಯಲ್ಲಿ ಡೊಂಕು ಬೆರಳಿದೆಯೆಂದು ಅವಳಿಗೆ ಗೊತ್ತಿತ್ತು. ಬಸ್ಸು ತಿರುವಿಗೆ ಬರುವ ತನಕ ಕತ್ತು ಹೊರಳಿಸಿ ನೋಡುತ್ತಿದ್ದಳು.

ಶೇವಂತಾಬಾಯಿ ತೀರಿಕೊಂಡ ಕೆಲವು ವರ್ಷಗಳಿಗೆ, ಎಂಬತ್ತರ ದಶಕದಲ್ಲಿ, ರಸ್ತೆ ಅಗಲ ಮಾಡುವವರು ಕಟ್ಟಿಗೆ ಅಡ್ಡೆಯ ಗೋಡೆಯನ್ನು ಕೆಡವಿದರು. ಆ ಮಧ್ಯಾಹ್ನ ಮಾಣಿಕಮ್ಮ ಅಂಗಡಿ ಬೇಗ ಮುಚ್ಚಿ, ಟ್ರಂಕಿನಿಂದ ರುಮಾಲು ತೆಗೆದುಕೊಂಡು ಅಸ್ಗರಿಯ ಮನೆಗೆ ಹೋದಳು. ಅಸ್ಗರಿಗೆ ಆಗಲೇ ಕಣ್ಣು ಮಂಜು. ಬಳೆಗಳನ್ನು ಮುಟ್ಟಿಯೇ ಗುರುತು ಹಿಡಿದಳು.

“ಯಾ ಅಲ್ಲಾ. ಇನ್ನೂ ಇಟ್ಟೀಯೇನು?”

“ಆಪಾ, ನನಗ ತೊಡಸ್ತೀಯೇನು?”

ಅಸ್ಗರಿ ಸಾಬೂನು ನೀರು ತರಿಸಿ, ಮಾಣಿಕಮ್ಮನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಗೆಣ್ಣುಗಳನ್ನು ಒತ್ತಿದಳು, ಮಡಿಸಿದಳು, ಮತ್ತೆ ಒತ್ತಿದಳು. ಒಂದು ಕಾಲಕ್ಕೆ ಎಂಥ ಕೈಯಾದರೂ ಅವಳ ಹಿಡಿತದಲ್ಲಿ ಬೆಣ್ಣೆಯಾಗುತ್ತಿತ್ತು. ಆದರೆ ಈ ಕೈ ದುಡಿದು ಗಂಟುಗಟ್ಟಿತ್ತು. ಬಳೆ ಹೆಬ್ಬೆರಳ ಬುಡಕ್ಕೆ ಬಂದು ನಿಂತಿತು.

“ಇದು ಹೊಸ ಮದುಮಗಳ ಅಳತಿ, ಮಾಣಿಕಾ. ಒತ್ತಿದ್ರ ಒಡೀತದ. ಅಂಗಡ್ಯಾಗಿಂದ ದೊಡ್ಡ ಅಳತಿದು ತಾ, ತೊಡಸ್ತೇನಿ. ಈಗ ಯಾರಿದ್ದಾರ ಕೇಳಾಕ?”

ದೊಡ್ಡ ಅಳತೆಯವು ಅಂಗಡಿಯ ತುಂಬ ಇದ್ದವು. ಮಾಣಿಕಮ್ಮ ತಲೆ ಅಲ್ಲಾಡಿಸಿದಳು. ಅಸ್ಗರಿ ಬಳೆಯನ್ನು ಮೆಲ್ಲಗೆ ಜಾರಿಸಿ, ಹಿಂದೊಮ್ಮೆ ಜಾರಿಸಿದ ಹಾಗೆಯೇ ಇಡಿಯಾಗಿ ತೆಗೆದು ರುಮಾಲಿನ ಮೇಲಿಟ್ಟಳು. ಕೈ ಬಿಡಲು ಹೋದಳು.

“ಬಿಡಬ್ಯಾಡ, ಆಪಾ,” ಎಂದಳು ಮಾಣಿಕಮ್ಮ. “ಜರಾ ಹೊತ್ತು ಹಂಗ ಹಿಡ್ಕೊಂಡು ಕೂಡು.”