ಒಂದೇ ದಿನಕ್ಕೆ ಎರಡು ತಾರೀಕು

ಮೂರು ವರ್ಷಗಳ ಹಿಂದೆ ನಾನು ಮಾಗಡಿ ತಾಲ್ಲೂಕಿನ ಒಂದು ಖಾಸಗಿ ಚಾಕಿ ಕೇಂದ್ರದ ವ್ಯವಸ್ಥಾಪಕಿಯಾಗಿದ್ದೆ. ಚಾಕಿ ಎಂದರೆ ರೇಷ್ಮೆ ಹುಳುವಿನ ಎಳವೆ. ಮೊಟ್ಟೆಗೆ ಕಾವು ಕೊಟ್ಟು, ಮರಿ ಹೊರಬಂದ ಮೇಲೆ ಎರಡನೇ ಜ್ವರ ದಾಟುವವರೆಗೆ ಸಾಕಿ ರೈತರಿಗೆ ಕೊಡುವುದು ನಮ್ಮ ಕೆಲಸ. ಇಲ್ಲಿ ಜ್ವರವೆಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತು ಪೊರೆ ಕಳಚುವ ಹೊತ್ತು. ಆಗ ಅದನ್ನು ಕುಲುಕಿದರೆ ಇಡೀ ಬೆಳೆ ಕೆಡುತ್ತದೆ.

ಫೋನಿನಲ್ಲಿ ಬುಕಿಂಗ್ ಬರೆದುಕೊಂಡು ಸಾಕಾಗಿ ಒಂದು ಆನ್‌ಲೈನ್ ಫಾರಂ ಮಾಡಿದೆ. ರೈತರು ಮೊಬೈಲಿನಲ್ಲಿ ತುಂಬಿ ಸಬ್ಮಿಟ್ ಒತ್ತಿದರೆ ಸಾಕು, ಆ ತಾರೀಕಿಗೆ ಹದಿನೆಂಟು ದಿನ ಕೂಡಿ, ಹುಳು ಒಯ್ಯುವ ದಿನವನ್ನು ಕಂಪ್ಯೂಟರಿನ ಶೀಟ್ ತಾನೇ ಲೆಕ್ಕ ಹಾಕಿ ಮೆಸೇಜ್ ಕಳಿಸುತ್ತಿತ್ತು. ಆ ದಿನ ಬಂದ ಬುಕಿಂಗಿನ ಮೊಟ್ಟೆಗಳನ್ನು ಅದೇ ಸಂಜೆ ಕಾವಿಗಿಡುತ್ತಿದ್ದೆವು. ಮೊದಲ ಮೆಸೇಜ್ ಹೋದಾಗ ನನಗೆ ಕುಣಿಯುವಷ್ಟು ಖುಷಿ.

ಹುಳು ಕೊಡಬೇಕಿದ್ದ ದಿನಕ್ಕೆ ಒಂದು ದಿನ ಮುಂಚೆಯೇ ಗುಡೇಮಾರನಹಳ್ಳಿಯ ಶಿವಮ್ಮ ಗೂಡ್ಸ್ ಆಟೋ ಮಾಡಿಕೊಂಡು ಬಂದಿಳಿದರು. ತಟ್ಟೆಗಳಲ್ಲಿ ಹುಳು ಇನ್ನೂ ಜ್ವರದಲ್ಲಿದ್ದವು.

“ಇವತ್ತೇ ಅಂತ ಮೆಸೇಜು ಕಳ್ಸಿದ್ದು ನೀವೇ, ಮೇಡಮ್ಮೋರೇ. ಸೊಪ್ಪು ಕುಯ್ದು ಮಡಗಿವ್ನಿ, ಹುಳಿನ ಮನೆಗೆ ಔಷ್ದಿ ಹೊಡ್ದಿವ್ನಿ. ಕೊಟ್ಬುಡಿ.”

“ಇವತ್ತು ಒಯ್ದರೆ ಗೂಡು ಕೈಗೆ ಸಿಗಲ್ಲ ಅಕ್ಕ. ಹುಳು ಏಳೋದು ನಾಳೆ.”

ಅವರು ತಟ್ಟೆಯ ಮೇಲೆ ಬಾಗಿ ನೋಡಿದರು. “ಅದ್ಸರಿ, ಪಕ್ಕದ್ಮನೆ ಹೊಂಬಾಳೇಗೌಡ್ರಿಗೆ ನಾಳೆ ಅಂತ್ಲೇ ಬಂದೈತಲ್ಲ? ಇಬ್ರೂ ತುಂಬಿದ್ದು ಒಂದೇ ದಿನ. ನಾನು ಒತ್ತಾರೆ ತುಂಬ್ದೆ, ಅವ್ರು ಸಂಜೆ ತುಂಬುದ್ರು.”

ಓಡಿಹೋಗಿ ಶೀಟ್ ತೆರೆದೆ. ಅದರಲ್ಲಿ ಬರೀ ತಾರೀಕು ಕಾಣುವಂತೆ ಇಟ್ಟಿದ್ದೆ. ಗಂಟೆಯೂ ಕಾಣುವಂತೆ ಬದಲಿಸಿದೆ. ಬೆಳಗ್ಗೆ ಏಳಕ್ಕೆ ಶಿವಮ್ಮ ಕಳಿಸಿದ್ದ ಫಾರಂ, ಹಿಂದಿನ ರಾತ್ರಿ ಒಂಬತ್ತೂವರೆಗೆ ಬಂದದ್ದೆಂದು ದಾಖಲಾಗಿತ್ತು! ಸೆಟ್ಟಿಂಗ್ಸ್ ನೋಡಿದರೆ ಶೀಟಿನ ಟೈಮ್ ಝೋನ್ ಅಮೆರಿಕದ್ದು. ನಮಗೆ ಬೆಳಗಾದಾಗ ಅಲ್ಲಿನ್ನೂ ನಿನ್ನೆಯ ರಾತ್ರಿ. ಬೆಳಗಿನ ಬುಕಿಂಗಿಗೆಲ್ಲ ಲೆಕ್ಕ ಒಂದು ದಿನ ಹಿಂದಿನಿಂದ ಶುರುವಾಗಿತ್ತು. ಸಂಜೆ ತುಂಬುವ ಹೊತ್ತಿಗೆ ಅಲ್ಲೂ ಅದೇ ತಾರೀಕಾಗಿರುತ್ತಿದ್ದುದರಿಂದ ಗೌಡರಿಗೆ ಸರಿಯಾದ ದಿನವೇ ಸಿಕ್ಕಿತ್ತು.

“ತಪ್ಪು ಸಿಕ್ತು ಅಕ್ಕ, ಸಿಕ್ತು! ಇದು ಅಮೆರಿಕದ ಗಡಿಯಾರ ನೋಡ್ತಿತ್ತು!” ಎಂದು ಕೂಗಿಬಿಟ್ಟೆ.

ಆದರೆ ಸಂಭ್ರಮಕ್ಕೆ ಸಮಯವಿರಲಿಲ್ಲ. ಬೆಳಗ್ಗೆ ತುಂಬಿದ ಇತರರು ಆಗಲೇ ಹೊರಟಿರಬಹುದು. ಝೋನನ್ನು ಭಾರತಕ್ಕೆ ಬದಲಿಸಿ, ಹಳೆಯ ಬುಕಿಂಗುಗಳನ್ನು ಒಂದೊಂದಾಗಿ ತಿದ್ದಿದೆ. ಶಿವಮ್ಮ ನನ್ನ ಪಕ್ಕದಲ್ಲೇ ಕೂತು, ತಮಗೆ ಪರಿಚಯವಿದ್ದವರಿಗೆಲ್ಲ ಫೋನು ಹಚ್ಚಿದರು. “ಲೇ, ಆಟೋ ತಿರುಗ್ಸು ಕಣ್ಲಾ. ಹುಳು ಇನ್ನೂ ಎದ್ದಿಲ್ಲ, ನಾಳೆ ಬಾ!” ಎಂದು ಅವರು ಗದರುವಾಗ ಆ ಗಾಬರಿಯಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವರ ಮೊಬೈಲಿನಿಂದಲೇ ಒಂದು ಪರೀಕ್ಷಾ ಫಾರಂ ಕಳಿಸಿದೆವು. ಸರಿಯಾದ ತಾರೀಕೇ ಬಂತು.

“ಈಗ ನಮ್ಮೂರ ಬೆಳಗಾಯ್ತು ಬುಡಿ,” ಎಂದರು ಶಿವಮ್ಮ.

ಮರುದಿನ ಅವರೂ ಗೌಡರೂ ಒಂದೇ ಆಟೋದಲ್ಲಿ ಬಂದರು. ಹುಳು ಎದ್ದು ತಲೆಯಾಡಿಸುತ್ತ ಮೇವು ಹುಡುಕುತ್ತಿದ್ದವು. ಬೆಳೆ ಮುಗಿದ ಮೇಲೆ ರಾಮನಗರದ ಗೂಡಿನ ಮಾರುಕಟ್ಟೆಯಿಂದ ಶಿವಮ್ಮನ ಫೋನು: “ಗೂಡು ಕಲ್ಲಿದ್ದಂಗವೆ ಕಣವ್ವಾ! ಎಲ್ರೂ ಮುಟ್ಟಿ ಮುಟ್ಟಿ ನೋಡ್ತಾವ್ರೆ!”

ಕೂಡುವ ಲೆಕ್ಕದಲ್ಲಿ ಯಂತ್ರ ಅಂದೂ ತಪ್ಪಿರಲಿಲ್ಲ, ಇಂದಿಗೂ ತಪ್ಪುವುದಿಲ್ಲ. ಆದರೆ ಆ ಎಣಿಕೆ ಯಾರ ಬೆಳಗಿನಿಂದ ಶುರುವಾಗಿದೆ ಎಂಬುದನ್ನು ಮಾತ್ರ ನಾವೇ ಕೇಳಿ ತಿಳಿಯಬೇಕು. ಕೆಲಸ ನನಗೆ ಕಲಿಸಿದ್ದು ಇದು.